ನಿರ್ಮಲಕ್ಕನ ರೊಟ್ಟಿ ಡಬ್ಬಿಯಲ್ಲಿ ಇಡೀ ಮನೆ

ಬ್ಯಾಡಗಿಯ ಈ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಬಾಡಿಗೆ ಮನೆಯೊಂದರ ಪಡಸಾಲೆಯಲ್ಲಿ ನಿರ್ಮಲಾ ಸ್ಟೂಲು ಹತ್ತಿ ನಿಂತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬು ತೋಳಿನ ಅಂಗಿ, ಬಾಯಲ್ಲಿ ಕಚ್ಚಿದ ಟೆಸ್ಟರು, ಕುತ್ತಿಗೆಗೆ ನೇತುಹಾಕಿದ ಮೊಬೈಲು. ಮೇನ್ ಸ್ವಿಚ್ ಇಳಿಸಿಯಾಗಿದೆ. ಕಿಟಕಿಯ ನಸುಬೆಳಕು ಸಾಲದೆ ಹಣೆಗೊಂದು ಬ್ಯಾಟರಿ ಕಟ್ಟಿಕೊಂಡಿದ್ದಾರೆ. ಸ್ವಿಚ್ ಬೋರ್ಡಿನ ಮುಚ್ಚಳ ತೆಗೆದು, ವೈರುಗಳ ಫೋಟೊ ಹಿಡಿದು, ಅವುಗಳ ಹಿಂದೆ ಅಡಗಿ ಕೂತ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯನ್ನು ಮೆಲ್ಲಗೆ ಹೊರಗೆಳೆಯುತ್ತಾರೆ. ಅದರ ಬೆನ್ನಿಗೆ ಆಸ್ಪತ್ರೆಯ ಬಿಳಿ ಪಟ್ಟಿ ಅಂಟಿಸಿ ಪೆನ್ನಿನಿಂದ ಬರೆಯುತ್ತಾರೆ: 'ಶಶಿಕಾಂತಣ್ಣ, ಮಂಚದ ಮ್ಯಾಲಿನ ಫ್ಯಾನು.'

ಬರೆದಾದ ಮೇಲೆ ಅದು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಅಲ್ಯೂಮಿನಿಯಂ ರೊಟ್ಟಿ ಡಬ್ಬಿ ಸೇರುತ್ತದೆ. ಸ್ವಿಚ್ ಮುಟ್ಟದೆಯೇ ಫ್ಯಾನು ದೀಪ ನಡೆಸುವ ಇಂಥ ಪೆಟ್ಟಿಗೆಗಳು, ಹೇಳಿದ ಮಾತು ಕೇಳುವ ಸ್ಪೀಕರು, ಮೊಬೈಲಿನಿಂದಲೇ ತೆರೆಯುವ ಬಾಗಿಲ ಬೀಗ, ಗಂಟೆ ಒತ್ತಿದವರ ಮುಖ ತೋರಿಸುವ ಕ್ಯಾಮೆರಾ, ಎಲ್ಲ ಸೇರಿ ಈ ಮನೆಯಲ್ಲಿ ಇಪ್ಪತ್ತಮೂರು ಸಾಮಾನು. ಸಂಜೆಯೊಳಗೆ ಇವಿಷ್ಟೂ ಹಾವೇರಿಯ ಹೊಸ ಮನೆಯಲ್ಲಿ ಮೊದಲಿನ ಹಾಗೆಯೇ ಕೆಲಸ ಮಾಡಬೇಕು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಮನೆ ಬದಲಿಸುವ ಪಾಡನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಅವರ ಕಾಲದ ದೀಪಕ್ಕೆ ಹೊಸ ಮನೆಯಲ್ಲೂ ಎಣ್ಣೆ ಹಾಕಿದರೆ ಸಾಕಿತ್ತು, ಅದು ಪಾಸ್‌ವರ್ಡ್ ಕೇಳುತ್ತಿರಲಿಲ್ಲ.

ಈ ಮನೆಯಲ್ಲಿ ಇದೆಲ್ಲ ಶೋಕಿಗಾಗಿ ಬಂದದ್ದಲ್ಲ. ಮೆಣಸಿನಕಾಯಿ ದಲಾಲಿ ಅಂಗಡಿಯ ಶಶಿಕಾಂತ ನಾಲ್ಕು ವರ್ಷದ ಹಿಂದೆ ಲಾರಿಯ ಮೇಲಿನ ಚೀಲದ ಒಟ್ಟಿಲಿನಿಂದ ಜಾರಿ ಬಿದ್ದರು. ಸೊಂಟದ ಕೆಳಗೆ ಸ್ವಾಧೀನ ಹೋಯಿತು, ಕೈಗಳ ಶಕ್ತಿಯೂ ಅರ್ಧಕ್ಕಿಳಿಯಿತು. ಹೆಂಡತಿ ಸ್ನೇಹಾ ಹಾವೇರಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಹಗಲೆಲ್ಲ ಮನೆಯಲ್ಲಿ ಇರುವವರು ಶಶಿಕಾಂತ ಮತ್ತು ಅವರ ತಾಯಿ ಹೊನ್ನವ್ವ. ಹೊನ್ನವ್ವನ ಮೊಣಕಾಲು ಎರಡೂ ಸವೆದಿವೆ. ಫ್ಯಾನು ಹಾಕಲು ಒಮ್ಮೆ, ಆರಿಸಲು ಒಮ್ಮೆ, ಬಂದವರಿಗೆ ಬಾಗಿಲು ತೆಗೆಯಲು ಒಮ್ಮೆ, ಅವರು ಹೋದ ಮೇಲೆ ಹಾಕಲು ಇನ್ನೊಮ್ಮೆ ಅವರು ಗೋಡೆ ಹಿಡಿದು ಏಳುವುದನ್ನು ಮಗ ಮಲಗಿದಲ್ಲಿಂದಲೇ ನೋಡಬೇಕಿತ್ತು. ಅದನ್ನು ನೋಡಲಾರದೆ ಎರಡು ವರ್ಷದ ಹಿಂದೆ ನಿರ್ಮಲಾ ಅವರನ್ನು ಕರೆಸಿ ಈ ವ್ಯವಸ್ಥೆ ಮಾಡಿಸಿಕೊಂಡರು. ಈಗ ಮೆಟ್ಟಿಲಿಲ್ಲದ, ಗಾಲಿಕುರ್ಚಿ ಹಿಡಿಸುವಷ್ಟು ಅಗಲದ ಬಾಗಿಲುಗಳಿರುವ ಮನೆ ಹಾವೇರಿಯಲ್ಲಿ ಸಿಕ್ಕಿದೆ.

"ನಿರ್ಮಲಕ್ಕ, ನಂದು ಒಂದ ಮಾತು," ಎಂದು ಮಂಚದ ಮೇಲಿಂದ ಶಶಿಕಾಂತ ಹೇಳುತ್ತಾರೆ. "ಇವತ್ತ ರಾತ್ರಿ ಉಣ್ಣೂದ್ರೊಳಗ ಎಲ್ಲಾ ಚಾಲೂ ಇರಬೇಕ್ರಿ. ಹೊಸ ಮನ್ಯಾಗ ಮೊದಲನೇ ದಿನಾನ ನನ್ನ ಸಲುವಾಗಿ ಯಾರೂ ಏಳಬಾರದು."

"ನಾ ಇದ್ದೇನಲ್ರಿ ಅಣ್ಣಾರ," ಎನ್ನುವ ನಿರ್ಮಲಾ ಮುಂದಿನ ಬೋರ್ಡಿಗೆ ಸ್ಟೂಲು ಎಳೆಯುತ್ತಾರೆ.

ನಲವತ್ತೊಂದರ ನಿರ್ಮಲಾ ತುಂಗಭದ್ರೆಯ ದಂಡೆಯ ಐರಣಿಯವರು. ತಂದೆ ಭರಮಣ್ಣ ನದಿಗೆ ಇಟ್ಟಿದ್ದ ಪಂಪ್‌ಸೆಟ್ಟಿನ ಸ್ಟಾರ್ಟರು ಸುಟ್ಟಾಗಲೆಲ್ಲ ರಿಪೇರಿಯವನ ದಾರಿ ಕಾದು ಬೇಸತ್ತು, ಹತ್ತನೇ ಇಯತ್ತೆಯ ಹುಡುಗಿ ಅದನ್ನು ತಾನೇ ಬಿಚ್ಚಿ ಕೂತಿದ್ದಳು. ರಾಣೆಬೆನ್ನೂರಿನಲ್ಲಿ ಮೋಟರು ಸುತ್ತುವ ಅಂಗಡಿಯಿಟ್ಟಿದ್ದ ಬೀರಲಿಂಗಪ್ಪನವರ ಕೈ ಹಿಡಿದ ಮೇಲೆ ಹದಿಮೂರು ವರ್ಷ ಮನೆಯಲ್ಲೇ ತಾಮ್ರದ ತಂತಿ ಸುತ್ತಿದರು. ಬೀಜದ ಗೋದಾಮುಗಳಿಗೆ ಕ್ಯಾಮೆರಾ ಕೂಡಿಸುವ ಕೆಲಸ ಬಂದಾಗ ಅದನ್ನೂ ಕಲಿತರು. ಏಣಿ ಹೊತ್ತುಕೊಂಡು ಹೆಣ್ಣುಮಗಳು ಬಂದರೆ, 'ಮಿಸ್ತ್ರಿ ಎಲ್ಲೆವಾ, ಹಿಂದ ಬರಾಕತ್ತಾನೇನು?' ಎಂದು ಕೇಳಿದವರು ಒಬ್ಬಿಬ್ಬರಲ್ಲ. "ಮಿಸ್ತ್ರಿ ಬಂದಾಳ್ರಿ, ಏಣಿ ಹಿಡೀರಿ ಅಂತಿದ್ದೆ," ಎಂದು ನಗುತ್ತಾರೆ.

ಮನೆ ಬದಲಿಸುವವರ ಕೆಲಸ ಅವರಿಗೆ ಗಂಟುಬಿದ್ದದ್ದು ಆರು ವರ್ಷದ ಹಿಂದೆ. ವರ್ಗವಾಗಿ ಬಂದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರ ಸಾಮಾನು ಸಾಗಿಸಿದವರು ಇಂಥ ಪೆಟ್ಟಿಗೆಗಳನ್ನೆಲ್ಲ ಕಿತ್ತು ಹಿಟ್ಟಿನ ಡಬ್ಬಿಗೆ ತುಂಬಿದ್ದರು. ಯಾವುದು ಯಾವ ಕೋಣೆಯದೆಂದು ದೇವರಿಗೂ ತಿಳಿಯದ ಸ್ಥಿತಿ. ಜೋಳದ ಹಿಟ್ಟು ಊದಿ ಊದಿ ಮೂರು ದಿನದಲ್ಲಿ ನಿರ್ಮಲಾ ಅವನ್ನೆಲ್ಲ ಎಬ್ಬಿಸಿದರು. ಬಿಳಿ ಪಟ್ಟಿಯ ಉಪಾಯ ಹುಟ್ಟಿದ್ದು ಅಲ್ಲೇ.

ಎಡವಟ್ಟು ಅವರೂ ಮಾಡಿದ್ದಾರೆ, ಮುಚ್ಚಿಡುವುದಿಲ್ಲ. ಒಂದು ಸಲ ಮನೆ ಮಾಲೀಕ ಮೈಲಾರಪ್ಪನವರಿಗೆ ಸೇರಿದ ಬಾಗಿಲ ಗಂಟೆಯನ್ನು ಖಾಲಿ ಮಾಡಿ ಹಾವೇರಿಗೆ ಹೋದ ಬಾಡಿಗೆದಾರರ ಮೊಬೈಲಿನಿಂದ ಬಿಡಿಸುವುದು ಮರೆತರು. ರಾಣೆಬೆನ್ನೂರಿನಲ್ಲಿ ಯಾರಾದರೂ ಗಂಟೆ ಒತ್ತಿದರೆ ಹಾವೇರಿಯಲ್ಲಿ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಮೈಲಾರಪ್ಪನವರ ಮನೆಗೆ ಯಾವ ಬೀಗರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದನ್ನೆಲ್ಲ ಹಳೆಯ ಬಾಡಿಗೆದಾರರು ಮೂರು ದಿನ ಕೂತು ನೋಡಿದರು. ವಿಷಯ ತಿಳಿದ ಕೂಡಲೇ ನಿರ್ಮಲಾ ಬಸ್ಸು ಹಿಡಿದು ಎರಡೂ ಮನೆಗೆ ಹೋಗಿ ಬಿಡಿಸಿ, ಇಬ್ಬರ ಬಳಿಯೂ ತಪ್ಪಾಯಿತೆಂದು ಹೇಳಿ ಬಂದರು. "ಎತ್ತಿನ ಕೊಳ್ಳನ ಹಗ್ಗ ಬಿಚ್ಚದ ಇನ್ನೊಂದು ಬಂಡಿಗೆ ಹೂಡ್ತಾರೇನ್ರಿ? ಹಂಗ ಇದು. ಮೊದಲ ಬಿಚ್ಚಬೇಕು, ಆಮ್ಯಾಲೆ ಕಟ್ಟಬೇಕು. ಆವತ್ತಿನಿಂದ ನನ್ನ ಕಣ್ಣಲೆ ನೋಡದ ಯಾವ ಮನಿನೂ ಬಿಟ್ಟು ಬರಂಗಿಲ್ಲ," ಎನ್ನುತ್ತಾರೆ.

ಶಾಲೆ ಶುರುವಾಗುವ ಮೊದಲಿನ ದಿನಗಳಲ್ಲಿ, ವರ್ಗಾವಣೆಯ ಗಡಿಬಿಡಿಯಲ್ಲಿ, ತಿಂಗಳಿಗೆ ಹದಿನೈದು ಹದಿನೇಳು ಮನೆ. ಆಷಾಢದಲ್ಲಿ ಒಂದೂ ಇಲ್ಲ, ಯಂತ್ರಗಳಿಗೆ ಆಷಾಢವಿಲ್ಲದಿದ್ದರೂ ಮನೆಯವರಿಗೆ ಇದೆಯಲ್ಲ. ಉಳಿದಂತೆ ಎಂಟೋ ಒಂಬತ್ತೋ. ಒಂದು ಮನೆಯಲ್ಲಿ ದಿನಕ್ಕೆ ನೂರೈವತ್ತು ಸಲವಾದರೂ ಸ್ಟೂಲು ಹತ್ತಿ ಇಳಿಯುತ್ತಾರೆ. ರಾಣೆಬೆನ್ನೂರಿನ ಅವರ ಸ್ವಂತ ಮನೆಯಲ್ಲಿ ಮಾತ್ರ ಇಂಥದ್ದೊಂದೂ ಇಲ್ಲ. ಯಾಕೆಂದು ಕೇಳಿದರೆ, "ಸ್ವಿಚ್ ಒತ್ತಾಕ ನನಗ ಕೈ ಅದಾವಲ್ರಿ," ಎಂದು ಎರಡೂ ಅಂಗೈ ತೋರಿಸುತ್ತಾರೆ. ಅಂಗೈ ತುಂಬ ತಾಮ್ರದ ತಂತಿ ಕೊಯ್ದ ಹಳೆಯ ಗೆರೆಗಳು.

ಏಳೂವರೆಗೆ ಮನೆ ಸಾಮಾನಿನ ಲಾರಿ ಹೊರಡುತ್ತದೆ. ರೊಟ್ಟಿ ಡಬ್ಬಿಯನ್ನು ನಿರ್ಮಲಾ ಲಾರಿಗೆ ಕೊಡುವುದಿಲ್ಲ. ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ಮೋಟೆಬೆನ್ನೂರಿನ ಮೇಲಿಂದ ಹೆದ್ದಾರಿ ಹಿಡಿಯುತ್ತಾರೆ. ಹೊಸ ಮನೆಗೆ ತಲುಪಿದರೂ ಒಳಗೆ ಪ್ರವೇಶವಿಲ್ಲ. ದೇವರ ಫೋಟೊ, ಉಪ್ಪು, ತುಂಬಿದ ಕೊಡ ಹೋಗಿ, ಹಾಲು ಉಕ್ಕುವವರೆಗೂ ಬೇರೆ ಯಾವ ಸಾಮಾನೂ ಹೊಸ್ತಿಲು ದಾಟಕೂಡದೆಂದು ಹೊನ್ನವ್ವನ ಆಜ್ಞೆ. ಹಾಲು ಉಕ್ಕಿದಾಗ ಹತ್ತೂಕಾಲು. ಸಂಜೆಗೆ ಉಳಿದದ್ದು ಎಂಟು ತಾಸು.

ಅದೇ ಹೊತ್ತಿಗೆ ಇಂಟರ್ನೆಟ್ ಲೈನಿನ ಹನುಮೇಶನ ಫೋನು ಬರುತ್ತದೆ. "ಅಕ್ಕಾರ, ಕಂಬ ಹತ್ತೋ ಹುಡುಗ ರಜಾ ಹಾಕ್ಯಾನ್ರಿ. ನಾಳೆ ಮುಂಜಾನೆ ಎಳದು ಕೊಡ್ತೇನಿ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಲೈನಿಲ್ಲದಿದ್ದರೆ ಇಪ್ಪತ್ತಮೂರೂ ಸಾಮಾನು ಬರೀ ಪ್ಲಾಸ್ಟಿಕ್ಕು. ಸ್ನೇಹಾ ಸೋತ ದನಿಯಲ್ಲಿ, "ನಾಳೆ ಮಾಡೋಣು ಬಿಡ್ರಿ, ಒಂದು ದಿನದ ಮಾತು," ಎನ್ನುತ್ತಾರೆ. ನಿರ್ಮಲಾ ಒಪ್ಪುವುದಿಲ್ಲ. ಒಳಗೆ ಗಾಲಿಕುರ್ಚಿಯಲ್ಲಿ ಕೂತವರಿಗೆ ಕೊಟ್ಟ ಮಾತು ಇವತ್ತಿನದು, ನಾಳೆಯದಲ್ಲ.

"ನಿಮ್ಮ ಹಳೇ ಮೊಬೈಲ್ ಒಂದು ಕೊಡ್ರಿ ಅಕ್ಕಾರ," ಎಂದು ಕೇಳಿ ಪಡೆಯುತ್ತಾರೆ. ಈ ಯಂತ್ರಗಳು ಗೋಡೆಯನ್ನು ಗುರುತಿಸುವುದಿಲ್ಲ, ವೈಫೈಯ ಹೆಸರು ಮತ್ತು ಪಾಸ್‌ವರ್ಡನ್ನು ಗುರುತಿಸುತ್ತವೆ. ಬ್ಯಾಡಗಿಯ ಮನೆಯಲ್ಲಿದ್ದ ಆ ಎರಡನ್ನೂ ಹಳೆಯ ಮೊಬೈಲಿನ ಹಾಟ್‌ಸ್ಪಾಟಿಗೆ ಅಕ್ಷರ ತಪ್ಪದಂತೆ ಕೊಟ್ಟು, ಅದನ್ನು ಚಾರ್ಜಿಗೆ ಹಚ್ಚಿ ಗೂಡಿನಲ್ಲಿ ಇಡುತ್ತಾರೆ. ವೈಫೈಗೆ ಶಶಿಕಾಂತ ಇಟ್ಟಿದ್ದ ಹೆಸರು ತಾಯಿಯದೇ, 'ಹೊನ್ನವ್ವ.' ಊಟ ಮರೆತು ಒಂದೊಂದೇ ಬೋರ್ಡು ಬಿಚ್ಚಿ, ಫೋಟೊ ನೋಡಿ ವೈರು ಕಟ್ಟುತ್ತ ಹೋಗುತ್ತಾರೆ. ಮೂರು ಗಂಟೆಗೆ ಶಶಿಕಾಂತ ಒಂದು ಮಾತು ಹೇಳಿದಾಗ ಮಂಚದ ಮೇಲಿನ ಫ್ಯಾನು ಕುಂಯ್ ಎಂದು ತಿರುಗುತ್ತದೆ.

"ನನ್ನ ಹೆಸರು ಕೇಳಿ ತಿರುಗತೈತಂತ? ಸೊಸಿ ಕೇಳದ್ದು ಫ್ಯಾನಾದ್ರೂ ಕೇಳಲಿ," ಎಂದು ಹೊನ್ನವ್ವ ಸ್ನೇಹಾಳ ಕಡೆ ನೋಡಿ ನಗುತ್ತಾರೆ. ಬೆಳಗಿನಿಂದ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಉಳಿದದ್ದು ತಲೆಬಾಗಿಲ ಬೀಗ. ಬಡಿಗ ದಾದಾಪೀರ ಎರಡು ದಿನ ಮುಂಚೆಯೇ ನಿರ್ಮಲಾ ಕೊಟ್ಟ ಅಳತೆಗೆ ಬಾಗಿಲನ್ನೂ ಚೌಕಟ್ಟನ್ನೂ ಕೊರೆದು, ಕೂಡಿಸಿ ನೋಡಿ ಹೋಗಿದ್ದಾನೆ. ಬೀಗ ಕೂತಿದೆ. ಆದರೆ ಬಾಗಿಲು ಹಾಕಿ ನೋಡುವಂತಿಲ್ಲ. "ಹಾಲು ಉಕ್ಕಿಸಿದ ದಿನ ದೀಪಾ ಹಚ್ಚಿ, ಬಂದ ಮಂದಿ ಹೋಗೂತನಕ ತಲಬಾಗಲಾ ಮುಚ್ಚಂಗಿಲ್ಲ ಯವ್ವಾ. ಲಕ್ಷ್ಮೀ ಬರೋದು ಯಾವಾಗೋ ಏನೋ," ಎಂದು ಹೊನ್ನವ್ವ ಬಾಗಿಲಿಗೇ ಕುರ್ಚಿ ಹಾಕಿ ಕೂತಿದ್ದಾರೆ. ಬೀಗರು, ಓಣಿಯವರು, ಅಂಗಡಿಯ ಹಮಾಲರು ಬರುತ್ತಲೇ ಇದ್ದಾರೆ. ಸ್ನೇಹಾ ಮತ್ತೆ ಹೇಳುತ್ತಾರೆ, "ನೀವು ಹೋಗ್ರಿ, ಕತ್ತಲಾತು. ಅದು ನಡೀತೈತಿ." ನಿರ್ಮಲಾ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಹಿಡಿದು ಕೂತು, "ನೋಡದ ಹೋಗಂಗಿಲ್ರಿ," ಎಂದಷ್ಟೇ ಹೇಳಿ ಹೋಳಿಗೆ ಮುರಿಯುತ್ತಾರೆ.

ರಾತ್ರಿ ಏಳೂವರೆಗೆ ಕೊನೆಯ ಬೀಗರು ಹೊರಡುತ್ತಾರೆ. ನಿರ್ಮಲಾ ಡಬ್ಬಿ ತೆಗೆದುಕೊಂಡು ಹೊರಗೆ ಬಂದು, ಬಾಗಿಲನ್ನು ಎಳೆದುಕೊಂಡು, ಈ ಸೀಮೆಯಲ್ಲಿ ಹೊರಟವರು ಹೇಳುವ ಮಾತನ್ನೇ ಹೇಳುತ್ತಾರೆ. "ಬರ್ತೇನ್ರಿ ಅಣ್ಣಾರ, ಬಾಗಲಾ ಹಾಕ್ಕೋರಿ."

ಒಳಗೆ ಶಶಿಕಾಂತ ಮೊಬೈಲು ಒತ್ತುತ್ತಾರೆ. ಬೀಗ ಕರ್ರೆಂದು ನಾಲಿಗೆಯನ್ನು ಅರ್ಧ ಚಾಚಿ, ಮೂರು ಸಲ ಕೂಗಿ ಹಿಂದೆಳೆದುಕೊಳ್ಳುತ್ತದೆ. ಇನ್ನೊಮ್ಮೆ ಒತ್ತಿದರೂ ಅಷ್ಟೇ. ಹೊನ್ನವ್ವ ಗೋಡೆ ಹಿಡಿಯುತ್ತಾರೆ. "ಕೂಗಲಿ ಬಿಡು, ನಾ ಚಿಲಕ ಹಾಕ್ತೇನಿ."

"ನೀ ಏಳಬ್ಯಾಡವ್ವ," ಎನ್ನುವ ಮಗನ ದನಿ ಗಟ್ಟಿಯಾಗಿದೆ. ಅದರಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ನಿರ್ಮಲಾ ಬಾಗಿಲು ತಳ್ಳಿ ಒಳಗೆ ಬಂದವರೇ ಹಣೆಯ ಬ್ಯಾಟರಿ ಹೊತ್ತಿಸುತ್ತಾರೆ. ಬೀಗ ಸರಿಯಾಗಿದೆ, ಹಾಟ್‌ಸ್ಪಾಟೂ ನಡೆಯುತ್ತಿದೆ. ಕೊನೆಗೆ ಚೌಕಟ್ಟಿನಲ್ಲಿ ಬೀಗದ ನಾಲಿಗೆ ಹೋಗಿ ಕೂರಬೇಕಾದ ತೂತಿಗೆ ಬೆಳಕು ಹಿಡಿದರೆ, ಅದರ ತುಂಬ ಅಕ್ಷತೆ. ಅದರ ಹಿಂದೆ ಅರಿಶಿನದಲ್ಲಿ ಅದ್ದಿದ ಎರಡು ಚೆಂಡುಹೂವು, ಚೆನ್ನಾಗಿ ಒತ್ತಿ ತುಂಬಿದ್ದು.

"ಅಯ್ಯ, ಅದು ನಾ ಇಟ್ಟದ್ದು," ಎನ್ನುತ್ತಾರೆ ಹೊನ್ನವ್ವ. "ಹೊಸ್ತಲಾ ಪೂಜಿ ಮಾಡೂ ಮುಂದ ನೋಡಿದೆ, ಬಡಿಗ್ಯಾ ಚಂದಾಗಿ ಗೂಡು ಮಾಡ್ಯಾನ. ಹೂವು ಏರಿಸಾಕ ಮಾಡಿರಬೇಕಂತ ಏರಿಸಿದೆ."

ನಿರ್ಮಲಾ ನಗುವುದಿಲ್ಲ. ಅಕ್ಷತೆಯ ಒಂದು ಕಾಳೂ ನೆಲಕ್ಕೆ ಬೀಳದಂತೆ ಸ್ಕ್ರೂಡ್ರೈವರಿನ ತುದಿಯಿಂದ ಸೆರಗಿಗೆ ಕೆಡವಿಕೊಂಡು, ಹೂವಿನ ಸಮೇತ ಹೊನ್ನವ್ವನ ಉಡಿಗೆ ಹಾಕುತ್ತಾರೆ. "ತಪ್ಪು ನಂದ ಐತ್ರಿ ಅವ್ವಾರ. ಪೂಜಿ ಎಲ್ಲಿ ಮಾಡಬೇಕಂತ ನಾನ ಮೊದಲ ತೋರಿಸಬೇಕಾಗಿತ್ತು. ಇನ್ನ ಮುಂದ ತೋರಿಸ್ತೇನಿ." ಜೇಬಿನಿಂದ ಪೆನ್ಸಿಲು ತೆಗೆದು ಬೀಗದ ಪಕ್ಕದ ಕಟ್ಟಿಗೆಯ ಮೇಲೆ ರೂಪಾಯಿ ಅಗಲದ ಒಂದು ವೃತ್ತ ಬರೆಯುತ್ತಾರೆ. ಹೊನ್ನವ್ವ ಕೂತಲ್ಲಿಂದಲೇ ಕೈ ಚಾಚಿ ಅದಕ್ಕೆ ಕುಂಕುಮ ಹಚ್ಚುತ್ತಾರೆ.

ಮತ್ತೆ ಹೊರಗೆ. ಮತ್ತೆ ಬಾಗಿಲು ಎಳೆದುಕೊಂಡದ್ದಾಯಿತು. "ಬರ್ತೇನ್ರಿ ಅಣ್ಣಾರ, ಬಾಗಲಾ ಹಾಕ್ಕೋರಿ."

ಕಟಕ್ಕೆಂದು ನಾಲಿಗೆ ಕೂತ ಸದ್ದು. ಒಳಗಿಂದ ಶಶಿಕಾಂತರ ದನಿ, "ಹಾಕೇನ್ರಿ, ಸಾವಕಾಶ ಹೋಗ್ರಿ."

ನಿರ್ಮಲಾ ತಕ್ಷಣ ಹೊರಡುವುದಿಲ್ಲ. ಬಾಗಿಲಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಒಳಗೆ ಕುರ್ಚಿ ಸರಿದ ಸದ್ದಿಲ್ಲ, ಗೋಡೆ ಹಿಡಿದು ಬರುವ ಹೆಜ್ಜೆಯಿಲ್ಲ, ತಾಯಿ ಮಗನ ಮಾತು ಮಾತ್ರ ಕೇಳುತ್ತಿದೆ. ಖಾಲಿ ರೊಟ್ಟಿ ಡಬ್ಬಿಯನ್ನು ಸ್ಕೂಟರಿಗೆ ಏರಿಸಿ, ರಾಣೆಬೆನ್ನೂರಿನ ಕಡೆಗೆ ಮುಖ ಮಾಡುವ ಮೊದಲು, ಒಳಗಿನ ಶಶಿಕಾಂತರಿಗೆ ಹೇಳುವಂತೆ ಮೆಲ್ಲಗೆ ಹೇಳುತ್ತಾರೆ:

"ಯಾರೂ ಏಳಲಿಲ್ಲ ನೋಡ್ರಿ."