ಸಿಡಿದ ಪೆನ್ನು

ಬಟ್ಟೆ ಹೊಲಿದು ಬೇಸತ್ತಿದ್ದ ಟೈಲರಕ್ಕ, ತಮ್ಮನ ಮರಗೆಲಸದ ಕೋಣೆಯಲ್ಲಿ ಮರ ತಿರುಗಿಸಿ ಕಡೆಯುವ ಲೇತ್ ಯಂತ್ರದ ಮೇಲೆ ಮರದ ಪೆನ್ನು ಮಾಡಲು ಕಲಿತಳು. ಮೂರನೆಯದಕ್ಕೆ ಉಳಿ ತಾಗಿಸಿದ್ದೇ ತಡ, ತಿರುಗುತ್ತಿದ್ದ ತುಂಡು ಸಿಡಿದು ಚೂರೊಂದು ಹುಬ್ಬು ಸೀಳಿತು. ಆಮೇಲೆ ಮೋಟಾರಿನ ಸದ್ದು ಕೇಳಿದರೂ ಅವಳು ಕೋಣೆಯಿಂದ ಹೊರಗೆ ಬಂದುಬಿಡುತ್ತಿದ್ದಳು.

"ಸಾಕು ಬಿಡಕ್ಕ. ಕಣ್ಣು ಹೋಗಿದ್ರೆ ಸೂಜಿಗೆ ದಾರ ಯಾರು ಪೋಣಿಸ್ತಿದ್ರು?" ಎಂದ ತಮ್ಮ.

"ಯಾಕೆ ಸಿಡೀತು ಅಂತ ಗೊತ್ತಾಗ್ದೆ ನಂಗೆ ನಿದ್ದೆ ಬರಲ್ಲ ಕಣೋ."

ಇಬ್ಬರೂ ಚೂರುಗಳನ್ನು ಜೋಡಿಸಿ ನೋಡಿದರು. ರೀಫಿಲ್ ಕೂರಲೆಂದು ಮರದೊಳಗೆ ಅಂಟಿಸುವ ಹಿತ್ತಾಳೆ ಕೊಳವೆಗೆ ಅರ್ಧಭಾಗ ಅಂಟೇ ತಾಗಿರಲಿಲ್ಲ; ಹಿಡಿತವಿಲ್ಲದ ಮರ ಉಳಿ ತಾಗಿದೊಡನೆ ಸಿಡಿದಿತ್ತು. ಅವಸರದಲ್ಲಿ ಹಚ್ಚಿದವಳು ಅವಳೇ.

ಈ ಸಲ ಕೊಳವೆಯ ಸುತ್ತಲೂ ಅಂಟು ಸವರಿ ಹೊಸ ತುಂಡಿನೊಳಗೆ ಕೂರಿಸಿ, ಇಡೀ ದಿನ ಒಣಗಲು ಬಿಟ್ಟಳು. ಮರುದಿನ ಮುಖಕ್ಕೆ ಕವಚ ಹಾಕಿಕೊಂಡು ಸ್ವಿಚ್ ಒತ್ತಿದಳು. ಉಸಿರು ಬಿಗಿಹಿಡಿದು ಉಳಿ ತಾಗಿಸಿದಳು. ಪೆನ್ನು ನುಣ್ಣಗೆ ಬಂತು. ಮೋಟಾರು ನಿಂತ ಮೇಲೂ ಅವಳು ಮುಖದ ಕವಚ ತೆಗೆಯಲಿಲ್ಲ.