ನಾ ತಿದ್ದಿ ಓದಿದ ಕಾದಂಬರಿ

ತೊಂಬತ್ತೈದು-ತೊಂಬತ್ತಾರರ ಸುಮಾರು. ಶಹಾಬಾದದಾಗ ನಾ ಆಗಷ್ಟೇ ಶಾಲಿ ಟೀಚರ್ ಆಗಿದ್ದೆ. ನಮ್ಮದು ವೈಷ್ಣವರ ಮನಿ, ಬಾಜೂ ಮನಿ ಲಿಂಗಾಯತರದು. ಆ ಮನಿ ಮಗಳು ನನ್ನ ಗೆಳತಿ. ಗೆಳತಿ ಅಂದ್ರ ಸಾಲೂದಿಲ್ಲ, ಆದ್ರ ನಮ್ಮ ಕಡೆ ಅದಕ್ಕ ಬ್ಯಾರೆ ಮಾತಿರಲಿಲ್ಲ. ಮಧ್ಯಾಹ್ನ ಆಕಿ ರೊಟ್ಟಿ ಬಡೀತಿದ್ದಳು, ನಾ ಬಾಜೂಕ ಕುಂತು ಲೈಬ್ರರಿ ಪುಸ್ತಕ ಓದಿ ಹೇಳ್ತಿದ್ದೆ. ಆ ರೊಟ್ಟಿ ನಾ ತಿಂತೀನಂತ ಗೊತ್ತಾಗಿದ್ರ ನಮ್ಮವ್ವ ತಲಿಮ್ಯಾಲೆ ನೀರು ಸುರದೇ ಒಳಗ ಬಿಡ್ತಿದ್ದಳು.

ಒಮ್ಮೆ ಒಂದು ಹಳೇ ಕಾದಂಬರಿ ಸಿಕ್ತು, ನಾವು ಹುಟ್ಟೂಕಿಂತ ಮೊದಲ ಅಚ್ಚಾಗಿದ್ದು. ಇಬ್ಬರು ಹೆಣ್ಮಕ್ಕಳು ಒಬ್ಬರಿಗೊಬ್ಬರು ಜೀವಾ ಕೊಡೂ ಕಥಿ. ಎರಡನೇ ಅಧ್ಯಾಯಕ್ಕೇ ನಾ ಓದೂದು ನಿಲ್ಲಿಸಿದೆ. "ಯಾಕ ನಿಂತಿ? ಓದು," ಅಂದಳು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕರ್ರಗಾತು, ಇಬ್ಬರಿಗೂ ಖಬರಿಲ್ಲ.

ಕಡೀ ಅಧ್ಯಾಯ ಮನ್ಯಾಗ ಒಬ್ಬಾಕೀನೇ ಮೊದಲ ಓದಿದೆ. ಒಬ್ಬಾಕಿ ಬಾವಿಗೆ ಬೀಳ್ತಾಳ, ಇನ್ನೊಬ್ಬಾಕಿ ಲಗ್ನ ಮಾಡ್ಕೊಂತಾಳ. ಬರದಾವನ ಕೈ ಸೇದಿ ಹೋಗ್ಲಿ! ಮರುದಿನ ಪುಸ್ತಕ ಮುಂದ ಹಿಡಕೊಂಡು ಸುಳ್ಳೇ ಓದಿದೆ: ಇಬ್ಬರೂ ದೊಡ್ಡ ಊರಿಗೆ ಹೋಗಿ, ಒಂದು ಖೋಲಿ ಬಾಡಿಗಿ ಹಿಡದು, ಸುಖಾಗಿ ಇದ್ರು. ಆಕಿ ಹಿಟ್ಟಿನ ಕೈಲೇ ನನ್ನ ಗಲ್ಲಾ ಹಿಡದಳು. ಪುಸ್ತಕ ವಾಪಸ ಕೊಟ್ಟು ಬರ್ತೀನಂತ ತಾನೇ ಒಯ್ದಳು. ನಾ ಭಾಳ ಶ್ಯಾಣ್ಯಾಕಿ ಅಂದ್ಕೊಂಡಿದ್ದೆ.

ಮುಂದಿನ ವರ್ಷ ಆಕೀನ ಚಿಂಚೋಳಿಗೆ ಕೊಡೂದು ನಿಕ್ಕಿ ಆತು. ಲಗ್ನ ಎಂಟ ದಿನ ಇರೂಮುಂದ, ವಾಡಿ ಸ್ಟೇಷನ್ನಿಗೆ ಬಾ ಅಂತ ಹೇಳಿಕಳಿಸಿದಳು. ಹೋದೆ. ಆಕಿ ಕೈಯಾಗ ಒಂದು ಬಟ್ಟಿ ಚೀಲ, ಹೈದರಾಬಾದಿಗೆ ಎರಡು ಟಿಕೀಟು.

"ನಡಿ, ಖೋಲಿ ಹಿಡಿಯೂಣು."

ನಾ ಆಕೀನ ಬಾಜೂಕ ಎಳಕೊಂಡೆ. "ಹುಚ್ಚಿ, ಅದು ನಾ ಕಟ್ಟಿ ಹೇಳಿದ್ದು. ಪುಸ್ತಕದಾಗ ಒಬ್ಬಾಕಿ ಸಾಯ್ತಾಳ!"

"ಗೊತ್ತದ. ವಾಪಸ ಕೊಡೂಕಿಂತ ಮೊದಲ ಓದೀನಿ," ಅಂದಳು. "ಪುಸ್ತಕ ನಂಬಿ ಬಂದಿಲ್ಲ. ನೀ ಹಂಗ ಹೇಳಿದಿ ಅಂತ ಬಂದೀನಿ."

ಹೇಳೂದು ಪುರಾಣ, ತಿನ್ನೂದು ಬದನಿಕಾಯಿ ಅಂತಾರಲ್ಲ, ಅದು ನಾನೇ. ಅವ್ವನ ನೆಪಾ ಹೇಳಿದೆ, ನೌಕರಿ ನೆಪಾ ಹೇಳಿದೆ, ಮಂದಿ ಏನಂತಾರ ಅಂದೆ. ಆಕಿ ಎಲ್ಲಾ ಕೇಳಿದಳು. ಗಾಡಿ ಬಂತು, ಹೋತು. ಆಮ್ಯಾಲೆ ನನ್ನ ಸೆರಗು ಸರಿ ಮಾಡಿ, "ಅಳಬ್ಯಾಡ, ಮಂದಿ ನೋಡ್ಲಿಕತ್ತಾರ," ಅಂದಳು.

ಎಂಟ ದಿನಕ್ಕ ಲಗ್ನ ಆತು. ಅಕ್ಕಿಕಾಳು ಹಾಕಿದವರಾಗ ನಾನೂ ಇದ್ದೆ.