ಗರಿಕೆ ಬಕೆಟ್ಟಿನ ಗೂಡು

ನಮ್ಮ ಭಾವ ಪ್ರೇಮ್‌ಕುಮಾರ್ ಹೊರಮಾವಿನ ಹಳೆಯ ಊರಿನವರು. ರಾಗಿ ಹೊಲವೆಲ್ಲ ಸೈಟುಗಳಾಗಿ, ಉಳಿದದ್ದು ಮನೆಯ ಹಿಂದಿನ ಒಂದು ತುಂಡು ಹುಲ್ಲು. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ, ನಿವೃತ್ತಿಯಾದ ಮೇಲೆ ಭೂತಗನ್ನಡಿ ಹಿಡಿದು ಆ ಹುಲ್ಲಿನಲ್ಲೇ ಕುಳಿತುಬಿಟ್ಟರು. ಇದಕ್ಕಿಂತ ಇಸ್ಪೀಟೇ ವಾಸಿ ಎನ್ನುತ್ತಾಳೆ ನಮ್ಮ ಅಕ್ಕ ಧನಲಕ್ಷ್ಮಿ.

ಅವರು ಕಾಯುತ್ತಿದ್ದದ್ದು ಒಂದು ಪತಂಗಕ್ಕೆ. ಅದರ ಹುಳು ಹಗಲೆಲ್ಲ ಗರಿಕೆಯ ಬುಡದಲ್ಲಿ ನೂಲಿನ ಕೊಳವೆಯೊಳಗೆ ಅಡಗಿದ್ದು, ಸಂಜೆಯಾದ ಮೇಲೆ ಎಲೆ ಕತ್ತರಿಸಿ ತಿನ್ನುತ್ತದೆ. ಬಲಿತು ಅಲ್ಲೇ ಗೂಡು ಕಟ್ಟಿ ಹತ್ತು ದಿನ ಮಲಗುತ್ತದೆ. ಭಾವ ಹುಳು ಕಂಡಿದ್ದರು, ಗೂಡು ಕಂಡಿದ್ದರು, ರೆಕ್ಕೆ ಮಾತ್ರ ಕಂಡಿರಲಿಲ್ಲ. ರೆಕ್ಕೆ ನೋಡದೆ ಅದು ಯಾವ ಜಾತಿಯೆಂದು ಹೇಳಲಾಗದು ಎಂದು ತಿಳಿದವರು ಹೇಳಿದ್ದರು. ಮೊದಲ ವರ್ಷ ಪಕ್ಕದ ಅಪಾರ್ಟ್‌ಮೆಂಟಿನವರು ಹಾವಿನ ಭಯಕ್ಕೆ ಮೆಷಿನ್ ತಂದು ಹುಲ್ಲೆಲ್ಲ ಹೊಡೆಸಿದರು. ಎರಡನೆಯ ವರ್ಷ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೂಡಿನಿಂದ ಹೊರಬಿದ್ದದ್ದು ಒಳಗಿನ ಹುಳುವನ್ನೇ ತಿಂದು ಬೆಳೆದ ಕಣಜ. ನನಗೂ ಸಿಟ್ಟು ಬಂತು, ಕಣಜದ ಮೇಲೋ ಭಾವನ ಮೇಲೋ ಗೊತ್ತಾಗಲಿಲ್ಲ.

ಈ ಸಲ ಗೂಡಿದ್ದ ಗರಿಕೆಯನ್ನು ಮಣ್ಣು ಸಮೇತ ಅಗೆದು, ಪೇಂಟಿನ ಬಕೆಟ್ಟಿನಲ್ಲಿ ನೆಟ್ಟು ಕಿಟಕಿಯ ಬಳಿ ಇಟ್ಟರು. ಯಾರೂ ಮುಟ್ಟಬಾರದೆಂದು ಸಾರಿದರು. ಇದನ್ನು ಕೇಳಿದ ಅವರ ತಾಯಿ ಚಿಕ್ಕಮುನಿಯಮ್ಮ, ಗಣೇಶನ ಹಬ್ಬಕ್ಕೆಂದೇ ಮಗ ಮಡಿಯಲ್ಲಿ ಗರಿಕೆ ಬೆಳೆಸುತ್ತಿದ್ದಾನೆ ಎಂದು ಹಿಗ್ಗಿದರು. ಹೊರಗಿನ ಹುಲ್ಲಿಗೆ ನಾಯಿ ಕಾಲೆತ್ತುತ್ತದೆ, ಅದನ್ನು ದೇವರಿಗೆ ಏರಿಸುವುದು ಹೇಗೆ? ಹಬ್ಬದ ಬೆಳಗ್ಗೆ ಭಾವ ಸ್ನಾನಕ್ಕೆ ಹೋದಾಗ ಎಲ್ಲವನ್ನೂ ಬೇರು ಸಮೇತ ಕಿತ್ತು, ಅರಿಶಿನದ ನೀರಿನಲ್ಲಿ ಅದ್ದಿ, ಕಟ್ಟು ಕಟ್ಟಿ ಗಣಪನ ತಲೆಯ ಮೇಲಿಟ್ಟರು.

ಭಾವ ಖಾಲಿ ಬಕೆಟ್ಟನ್ನು ಒದ್ದರು. ಕಟ್ಟಿನೊಳಗೆ ಗೂಡು ಉಳಿದಿರಬಹುದು, ಒಮ್ಮೆ ನೋಡೋಣ ಎಂದೆ. ತೊಳೆದ ಮೇಲೆ ಬದುಕುತ್ತದೆಯೇ ಎಂದು ನನ್ನ ಮೇಲೇ ಹರಿಹಾಯ್ದರು. ಪೂಜೆಗೂ ನಿಲ್ಲದೆ, ಕಡುಬೂ ತಿನ್ನದೆ, ಇನ್ನೊಂದು ಗೂಡು ಹುಡುಕಲು ನನ್ನನ್ನೂ ಹಿತ್ತಲಿಗೆ ಎಳೆದುಕೊಂಡು ಹೋದರು. ಸಂಜೆಯವರೆಗೆ ಹುಡುಕಿದರೂ ಸಿಕ್ಕಿದ್ದು ಸೊಳ್ಳೆ ಕಡಿತ.

ಒಳಗೆ ಬಂದರೆ ಚಿಕ್ಕಮುನಿಯಮ್ಮ ಆರತಿ ತಟ್ಟೆ ತೊಳೆಯುತ್ತಿದ್ದರು.

"ನಿನ್ ಗರಿಕೆ ಒಳಗಿಂದ ಒಂದು ಚಿಟ್ಟೆ ಬಂತು ಕಣೋ. ಗಣಪನ್ ಕಿವಿ ಮೇಲೆ ಕೂತು ರೆಕ್ಕೆ ಒಣಗಿಸ್ಕೊಂತು. ಆರತಿ ತೋರ್ಸ್ದೆ, ಕಿಟಕಿಯಿಂದ ಹೊರಟೋಯ್ತು."

ಭಾವ ಕುರ್ಚಿ ಎಳೆದುಕೊಂಡು ಕುಳಿತರು. ಕೇಳಿದರು, "ಹೆಂಗಿತ್ತಮ್ಮ?"

"ಒಣಹುಲ್ಲಿನ್ ಬಣ್ಣ. ಮಧ್ಯೆ ಬೆಳ್ಳಿ ಗೀಟು. ರೆಕ್ಕೆನ ಮೈಗೆ ಸುತ್ಕೊಂಡು ಕಡ್ಡಿ ಹಂಗೇ ಆಗೋಯ್ತು. ಅದ್ರಲ್ಲೇನಿದೆ, ಕಡುಬು ತಿನ್ನು."

ಭಾವ ಮೂರು ವರ್ಷದ ನೋಟುಪುಸ್ತಕ ತೆಗೆದು ಬಣ್ಣ, ಗೀಟು ಎಲ್ಲ ಬರೆದುಕೊಂಡರು. ಕಂಡವರು ಯಾರು ಎಂಬಲ್ಲಿ ಪ್ರತಿ ಪುಟದಲ್ಲೂ ಅವರದೇ ಹೆಸರಿತ್ತು. ಪೆನ್ನು ಅಲ್ಲಿಗೆ ಬಂದು ನಿಂತಿತು. ಕೊನೆಗೆ ಚಿಕ್ಕಮುನಿಯಮ್ಮ ಎಂದು ಬರೆದು ಪುಸ್ತಕ ಮುಚ್ಚಿ, ಕಡುಬು ತಣ್ಣಗಾಗಿದೆ ಎಂದು ಅಕ್ಕನ ಮೇಲೆ ರೇಗಿದರು.